ಫ್ರೇಮು ಹಾಕಿದ ಮುಖ

2006ರ ಜೂನ್ 8. ಪತ್ರಿಕೆಯಲ್ಲಿ ನಾನು ವಿದೇಶ ಪುಟ ನೋಡಿಕೊಳ್ಳುತ್ತಿದ್ದ ಕಾಲ. ಮಧ್ಯಾಹ್ನ ಬಾಗ್ದಾದಿನಿಂದ ಒಂದು ಚಿತ್ರ ಬಂತು. ಕಣ್ಣು ಮುಚ್ಚಿದ, ಗಡ್ಡದ, ಊದಿಕೊಂಡ ಮುಖ. ಅದಕ್ಕೆ ಫ್ರೇಮು ಹಾಕಿಸಿ ಸುದ್ದಿಗಾರರ ಮುಂದೆ ನಿಲ್ಲಿಸಿದ್ದರು. ಇರಾಕಿನ ಅಲ್ ಖೈದಾದ ನಾಯಕ ಅಬು ಮುಸಾಬ್ ಅಲ್ ಜರ್ಕಾವಿ. ಹಿಂದಿನ ದಿನ ಬಾಕುಬಾ ಹತ್ತಿರದ ಹಿಬ್‌ಹಿಬ್ ಹಳ್ಳಿಯಲ್ಲಿ ಅವನಿದ್ದ ಮನೆಯ ಮೇಲೆ ಅಮೆರಿಕದ ವಿಮಾನದಿಂದ 500 ಪೌಂಡಿನ ಎರಡು ಬಾಂಬು ಬಿದ್ದಿದ್ದವು. ‘ಇರಾಕ್ ನಿರಾಳ’ ಎಂದು ತಲೆಬರಹ ಕೊಟ್ಟೆ. ಆ ಎರಡು ಪದ ಇವತ್ತಿಗೂ ನನ್ನನ್ನು ಚುಚ್ಚುತ್ತವೆ.

ಶಿಯಾಗಳನ್ನು ಕೆಣಕುತ್ತಲೇ ಇರಬೇಕು, ಅವರು ತಿರುಗಿಬಿದ್ದರೆ ಸುನ್ನಿಗಳು ಗತಿಯಿಲ್ಲದೆ ತನ್ನ ಬೆನ್ನಿಗೆ ಬರುತ್ತಾರೆ. ಇದು ಜರ್ಕಾವಿಯ ಲೆಕ್ಕಾಚಾರ. ಅವನು ಸಾಯುವ ಮೊದಲೇ ಅದು ಫಲಿಸಿತ್ತು. ಫೆಬ್ರುವರಿ 22ರಂದು ಸಮಾರಾದಲ್ಲಿ ಶಿಯಾಗಳ ಅಸ್ಕರಿ ದರ್ಗಾದ ಚಿನ್ನದ ಗುಮ್ಮಟವನ್ನು ಸ್ಫೋಟಿಸಿದರು. ಸ್ಫೋಟದಲ್ಲಿ ಯಾರೂ ಸಾಯಲಿಲ್ಲ. ಸಾವು ಆಮೇಲೆ ಶುರುವಾಯಿತು.

ಬಾಗ್ದಾದಿನ ರಸ್ತೆಗಳಲ್ಲಿ ವಾಹನ ತಡೆದು ಗುರುತಿನ ಚೀಟಿ ಕೇಳುತ್ತಿದ್ದರು. ಉಮರ್ ಎಂದಿದ್ದರೆ ಸುನ್ನಿ, ಅಬ್ದುಲ್ ಹುಸೇನ್ ಎಂದಿದ್ದರೆ ಶಿಯಾ. ಜನ ಎರಡೆರಡು ಚೀಟಿ ಇಟ್ಟುಕೊಂಡು ಓಡಾಡತೊಡಗಿದರು. ಯಾವ ತಿರುವಿನಲ್ಲಿ ಯಾವ ಜೇಬಿಗೆ ಕೈ ಹಾಕಬೇಕೆಂಬುದು ತಪ್ಪುವಂತಿರಲಿಲ್ಲ. ಹೆತ್ತವರು ಮುದ್ದಿನಿಂದ ಇಟ್ಟ ಹೆಸರು ಅದು! ಹೀಗೆ ಕೊಲ್ಲುತ್ತಿದ್ದವರಿಗೆ ಜರ್ಕಾವಿಯ ಅಪ್ಪಣೆ ಬೇಕಿರಲಿಲ್ಲ, ಅವರಲ್ಲಿ ಎಷ್ಟೋ ಜನ ಅವನ ಕಡುವೈರಿಗಳೇ. ವಿಶ್ವಸಂಸ್ಥೆಯ ಎಣಿಕೆಯಂತೆ ಆ ವರ್ಷ ಸತ್ತ ನಾಗರಿಕರು 34,452. ಜರ್ಕಾವಿ ಇಲ್ಲದ ಜುಲೈ ಮತ್ತು ಅಕ್ಟೋಬರ್ ಅತಿ ಕೆಟ್ಟ ತಿಂಗಳುಗಳ ಸಾಲಿನಲ್ಲಿದ್ದವು. ಅವನ ಜಾಗಕ್ಕೆ ಅಬು ಅಯ್ಯೂಬ್ ಅಲ್ ಮಸ್ರಿ ಬಂದಾಗಿತ್ತು.

ಹಿಂಸೆ ಇಳಿಮುಖವಾಗಿದ್ದು 2007ರಲ್ಲಿ. ಅಮೆರಿಕ ಹೆಚ್ಚು ಸೈನ್ಯ ಕಳಿಸಿತು, ಶಿಯಾ ನಾಯಕ ಮುಕ್ತದಾ ಸದರ್ ತನ್ನ ಪಡೆಗೆ ಸುಮ್ಮನಿರಲು ಹೇಳಿದ. ಎಷ್ಟೋ ಬಡಾವಣೆಗಳಲ್ಲಿ ಓಡಿಸಲು ಇನ್ನೊಂದು ಪಂಗಡದವರೇ ಉಳಿದಿರಲಿಲ್ಲ, ಇದನ್ನು ಶಾಂತಿ ಎನ್ನಲು ನನಗೆ ಬಾಯಿ ಬರುವುದಿಲ್ಲ. ನನ್ನ ಮಟ್ಟಿಗೆ ದೊಡ್ಡ ಕಾರಣ ಅನ್ಬಾರ್ ಪ್ರಾಂತ್ಯದ ಸುನ್ನಿ ಬುಡಕಟ್ಟುಗಳು. ಅಲ್ ಖೈದಾದ ಕೈಯಲ್ಲಿ ತಂದೆಯನ್ನು, ಒಡಹುಟ್ಟಿದವರನ್ನು ಕಳೆದುಕೊಂಡ ಶೇಖ್ ಅಬ್ದುಲ್ ಸತ್ತಾರ್ ಅಬು ರಿಶಾ ಈ ಬುಡಕಟ್ಟುಗಳನ್ನು ಒಟ್ಟುಗೂಡಿಸಿ ಅಲ್ ಖೈದಾದ ವಿರುದ್ಧವೇ ನಿಲ್ಲಿಸಿದ್ದರು. ಜರ್ಕಾವಿಯ ಲೆಕ್ಕ ತಪ್ಪಿದ್ದು ಅಲ್ಲಿ, ತನ್ನ ಜನ ಎಂದು ಅವನು ಎಣಿಸಿದ್ದವರಿಂದಲೇ.

2007ರ ಸೆಪ್ಟೆಂಬರ್ 13ರಂದು ಬಾಂಬು ಅಬು ರಿಶಾ ಅವರನ್ನೂ ಬಲಿ ತೆಗೆದುಕೊಂಡಿತು. ಸಹೋದರ ಅಹ್ಮದ್ ಅವರ ಜಾಗಕ್ಕೆ ನಿಂತರು, ಬುಡಕಟ್ಟುಗಳು ಚದುರಲಿಲ್ಲ. ಆ ಸುದ್ದಿಗೂ ತಲೆಬರಹ ಬರೆದದ್ದು ನಾನೇ. ಸತ್ತವರ ಹೆಸರು, ಊರಿನ ಹೆಸರು, ಅಷ್ಟೇ ಕೊಟ್ಟೆ.