‘ಬೈ’ ಎಂಬ ಪುಟ್ಟ ಪದ ಕೇಳುವ ಪ್ರಶ್ನೆ

ಕನ್ನಡದಲ್ಲಿ ‘ಬೈ’ ಎಂದರೆ ನಿಂದಿಸು ಎಂಬ ಆಜ್ಞೆ. ಇಂಗ್ಲಿಷಿನಲ್ಲಿ ಅದೇ ಸದ್ದಿನ ಪದವು ನಾಮಪದಕ್ಕಿಂತ ಮೊದಲು ಬಂದು ಸಂಬಂಧವನ್ನು ಸೂಚಿಸುವ ಒಂದು ಪ್ರಪೊಸಿಷನ್. ಇಂಗ್ಲಿಷ್ ಬಾರದವರೂ ಬೆಂಗಳೂರಿನಲ್ಲಿ ಅದನ್ನು ದಿನಕ್ಕೆ ಹಲವು ಸಲ ಬಳಸುತ್ತಾರೆ. ದರ್ಶಿನಿಯಲ್ಲಿ ‘ಬೈಟು ಕಾಫಿ’ ಎಂದರೆ ಒಂದು ಕಾಫಿ ಎರಡು ಲೋಟಗಳಿಗೆ ಹಂಚಿಹೋಗುತ್ತದೆ. ನಿವೇಶನದ ದಲ್ಲಾಳಿ ‘ತರ್ಟಿ ಬೈ ಫಾರ್ಟಿ’ ಎಂದರೆ ಆ ಎರಡು ಸಂಖ್ಯೆಗಳ ಗುಣಲಬ್ಧವಾಗಿ 1,200 ಚದರ ಅಡಿ ದೊರೆಯುತ್ತದೆ. ಕಾಫಿಯನ್ನು ಭಾಗಿಸುವ ಪದವೇ ಸೈಟನ್ನು ಗುಣಿಸುತ್ತದೆ. ಆದರೂ ಯಾರಿಗೂ ಗೊಂದಲವಾಗುವುದಿಲ್ಲ. ಸಂದರ್ಭವೇ ಅರ್ಥವನ್ನು ಹೇಳಿಕೊಡುತ್ತದೆ.

ಈ ಪದದ ಹಳೆಯ ಅರ್ಥ ‘ಹತ್ತಿರ’, ‘ಪಕ್ಕದಲ್ಲಿ’ ಎಂಬುದು. ‘ಬಿಫೋರ್’, ‘ಬಿಹೈಂಡ್’, ‘ಬಿಟ್ವೀನ್’ ಮುಂತಾದ ಪದಗಳ ಮೊದಲಲ್ಲಿ ಅವಿತು ಕುಳಿತಿರುವುದೂ ಇದೇ. ಕೆರೆಯ ಪಕ್ಕ ಎಂಬಲ್ಲಿಂದ ಹೊರಟ ಪದ ಕಾಲಕ್ಕೆ, ಸಾಧನಕ್ಕೆ, ಅಳತೆಗೆ, ಕರ್ತೃವಿಗೆ ಹಬ್ಬಿತು. ಕನ್ನಡಕ್ಕೆ ಬರುವಾಗ ಅದು ಹತ್ತು ವೇಷ ತೊಡಬೇಕಾಗುತ್ತದೆ. ‘ಬೈ ಬಸ್’ ಎಂದರೆ ಬಸ್ಸಿನಲ್ಲಿ, ‘ಬೈ ಪೋಸ್ಟ್’ ಎಂದರೆ ಅಂಚೆಯ ಮೂಲಕ, ‘ಬೈ ಬರ್ತ್’ ಎಂದರೆ ಹುಟ್ಟಿನಿಂದ. ‘ಒನ್ ಬೈ ಒನ್’ ಎಂಬುದಕ್ಕೆ ನಮಗೆ ಪ್ರತ್ಯಯವೇ ಬೇಡ. ‘ಒಬ್ಬೊಬ್ಬರಾಗಿ’ ಎಂದು ದ್ವಿರುಕ್ತಿಯಲ್ಲಿ ಕೆಲಸ ಮುಗಿಸುತ್ತೇವೆ. ಶಾಲೆಯಲ್ಲಿ ‘ತೃತೀಯಾ ಇಂದ, ಪಂಚಮಿ ದೆಸೆಯಿಂದ’ ಎಂದು ಉರು ಹೊಡೆದವರು ‘ಬೈ’ ಎಂದರೆ ‘ಇಂದ’ ಎಂಬ ಒಂದೇ ಸಮೀಕರಣವನ್ನು ನಂಬಿ ಹೊರಟರೆ ಬಸ್ಸಿನಿಂದ ಊರಿಗೆ ಬರಬೇಕಾದೀತು!

ಇಷ್ಟೇ ಆಗಿದ್ದರೆ ಇದು ವ್ಯಾಕರಣ ಪ್ರಿಯರ ವಿನೋದವಾಗಿ ಉಳಿಯುತ್ತಿತ್ತು. ಆದರೆ ಈ ಪದಕ್ಕೆ ಹಣ, ಗಡುವುಗಳ ನಂಟಿದೆ. ನೂರು ರೂಪಾಯಿಯ ಶುಲ್ಕವನ್ನು ‘ಬೈ ಫಾರ್ಟಿ’ ಇಳಿಸಿದರೆ ನಾವು ಕೊಡಬೇಕಾದದ್ದು ಅರವತ್ತು. ‘ಟು ಫಾರ್ಟಿ’ ಇಳಿಸಿದರೆ ನಲವತ್ತು. ಕನ್ನಡದಲ್ಲಿ ‘ನಲವತ್ತು ರೂಪಾಯಿಯಷ್ಟು’, ‘ನಲವತ್ತು ರೂಪಾಯಿಗೆ’ ಎಂಬ ಸ್ಪಷ್ಟ ಭೇದವಿದ್ದರೂ ಅವಸರದ ಅನುವಾದದಲ್ಲಿ ಅದು ಅಳಿಸಿಹೋಗುವುದುಂಟು. ಹಾಗೆಯೇ ‘ಟಿಲ್ ಫ್ರೈಡೇ’ ಎಂದರೆ ಶುಕ್ರವಾರದವರೆಗೆ ಮುಂದುವರಿಯುವ ಕ್ರಿಯೆ. ‘ಬೈ ಫ್ರೈಡೇ’ ಎಂದರೆ ಅಷ್ಟರೊಳಗೆ ಮುಗಿಯಬೇಕಾದ ಕ್ರಿಯೆ. ಮೊದಲನೆಯದು ಅವಧಿ, ಎರಡನೆಯದು ಗಡುವು. ಅರ್ಜಿ ಸಲ್ಲಿಸುವ ವಿದ್ಯಾರ್ಥಿಗೆ, ಸಾಲದ ಕಂತು ಕಟ್ಟುವ ಗೃಹಸ್ಥನಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಇವೆಲ್ಲಕ್ಕಿಂತ ಮುಖ್ಯವಾದದ್ದು ಕರ್ತೃವನ್ನು ತೋರುವ ‘ಬೈ’. ಕರ್ಮಣಿ ಪ್ರಯೋಗದಲ್ಲಿ ಕೆಲಸ ಮಾಡಿದವರು ಯಾರು ಎಂದು ಹೇಳುವುದು ಇದೇ ಪದ. ಈ ಹೊಣೆ ಅದಕ್ಕೆ ಮೊದಲಿನಿಂದಲೂ ಪೂರ್ತಿಯಾಗಿ ಇರಲಿಲ್ಲ. 1611ರ ಇಂಗ್ಲಿಷ್ ಬೈಬಲ್ ಅನುವಾದದಲ್ಲಿ ಹಲವೆಡೆ ಈ ಸ್ಥಾನದಲ್ಲಿ ‘ಆಫ್’ ಕಾಣಿಸುತ್ತದೆ. ಕ್ರಮೇಣ ‘ಬೈ’ ಅದನ್ನು ತನ್ನದಾಗಿಸಿಕೊಂಡಿತು. ಆದರೆ ಇಂಗ್ಲಿಷಿನ ಕರ್ಮಣಿಯಲ್ಲಿ ಈ ಭಾಗವನ್ನು ಬಿಟ್ಟುಬಿಡುವ ಸೌಲಭ್ಯವೂ ಇದೆ. ‘ತಪ್ಪುಗಳಾಗಿವೆ’ ಎಂದು ಒಪ್ಪಿಕೊಳ್ಳುವ ರಾಜಕಾರಣಿ ಯಾರಿಂದ ಎಂಬುದನ್ನು ಹೇಳದೆಯೇ ಮಾತು ಮುಗಿಸಬಹುದು. ವಾಕ್ಯ ವ್ಯಾಕರಣಬದ್ಧವಾಗಿರುತ್ತದೆ, ಹೊಣೆ ಮಾತ್ರ ಮಾಯವಾಗಿರುತ್ತದೆ.

ನಮ್ಮ ಕಚೇರಿ ಕನ್ನಡವು ಇಂಗ್ಲಿಷಿನಿಂದ ಪಡೆದ ಬಳುವಳಿಗಳಲ್ಲಿ ಇದೂ ಒಂದು ಎಂದು ನನಗೆ ಅನ್ನಿಸುತ್ತದೆ. 1963ರ ರಾಜಭಾಷಾ ಅಧಿನಿಯಮದಿಂದ ಕನ್ನಡಕ್ಕೆ ಆಡಳಿತದಲ್ಲಿ ಅಧಿಕೃತ ಸ್ಥಾನ ದೊರೆಯಿತು. ಆದರೆ ಕಡತಗಳ ವಾಕ್ಯರಚನೆ ಹಳೆಯ ಇಂಗ್ಲಿಷ್ ಟಿಪ್ಪಣಿಗಳ ನೆರಳಿನಲ್ಲೇ ಬೆಳೆಯಿತು. ‘ಪರಿಶೀಲಿಸಲಾಗುತ್ತಿದೆ’, ‘ಸೂಕ್ತ ಕ್ರಮ ಕೈಗೊಳ್ಳಲಾಗುವುದು’, ‘ಗಮನಕ್ಕೆ ತರಲಾಗಿದೆ’ ಎಂಬ ಮಾತುಗಳನ್ನು ಓದದ ನಾಗರಿಕನಿಲ್ಲ. ಯಾರು ಪರಿಶೀಲಿಸುತ್ತಿದ್ದಾರೆ? ಯಾರು ಕ್ರಮ ಕೈಗೊಳ್ಳುತ್ತಾರೆ? ಇಂಗ್ಲಿಷ್ ವಾಕ್ಯದ ಕೊನೆಯಲ್ಲಿ ‘ಬೈ’ ಸೇರಿಸಲು ಒಂದು ಖಾಲಿ ಜಾಗವಾದರೂ ಉಳಿದಿರುತ್ತದೆ. ನಮ್ಮ ‘ಲಾಗು’ ರೂಪ ಆ ಬಾಗಿಲನ್ನೂ ಬಹುಮಟ್ಟಿಗೆ ಮುಚ್ಚಿಬಿಡುತ್ತದೆ. ‘ತಹಸೀಲ್ದಾರರಿಂದ ಪರಿಶೀಲಿಸಲಾಗುವುದು’ ಎಂಬ ವಾಕ್ಯ ಕಿವಿಗೆ ಹಿತವಾಗಿ ಕೇಳಿಸುವುದಿಲ್ಲ.

ವಿಪರ್ಯಾಸವೆಂದರೆ, ಕರ್ತೃವನ್ನು ತೋರಿಸುವುದರಲ್ಲಿ ಕನ್ನಡ ಇಂಗ್ಲಿಷಿಗಿಂತ ಪ್ರಾಮಾಣಿಕವಾದ ಭಾಷೆ. ‘ಪರಿಶೀಲಿಸುತ್ತೇನೆ’ ಎಂದರೆ ಸಾಕು, ‘ನಾನು’ ಎಂಬ ಪದವಿಲ್ಲದಿದ್ದರೂ ಕ್ರಿಯಾಪದದ ತುದಿಯಲ್ಲೇ ಮಾಡುವವನು ನಿಂತಿರುತ್ತಾನೆ. ಮನೆಯಲ್ಲಿ, ಸಂತೆಯಲ್ಲಿ ನಾವು ಹೀಗೆಯೇ ಮಾತನಾಡುತ್ತೇವೆ. ‘ನಾಳೆ ಹಾಲು ತರಲಾಗುವುದು’ ಎಂದು ಮನೆಯಲ್ಲಿ ಯಾರಾದರೂ ಹೇಳಿದರೆ ಮರುದಿನ ಕಾಫಿ ಸಿಗುವ ಭರವಸೆಯನ್ನು ಯಾರೂ ಇಟ್ಟುಕೊಳ್ಳಲಾರರು.

ಕಾನೂನು ಈ ಕೊರತೆಯನ್ನು ತುಂಬಲು ಯತ್ನಿಸಿದೆ. 2005ರ ಮಾಹಿತಿ ಹಕ್ಕು ಅಧಿನಿಯಮವು ಸಾರ್ವಜನಿಕ ಮಾಹಿತಿ ಅಧಿಕಾರಿಗಳ ಹೆಸರು, ಪದನಾಮಗಳನ್ನು ಪ್ರಕಟಿಸಬೇಕೆಂದಿತು. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ನೀಡಬೇಕೆಂದೂ ವಿಧಿಸಿತು. ಕರ್ನಾಟಕದ 2011ರ ಸೇವಾ ಖಾತರಿ ಅಧಿನಿಯಮ, ಅಂದರೆ ಜನರ ಬಾಯಲ್ಲಿನ ‘ಸಕಾಲ’, ಪ್ರತಿ ಸೇವೆಗೂ ನಿಯೋಜಿತ ಅಧಿಕಾರಿಯನ್ನೂ ಕಾಲಮಿತಿಯನ್ನೂ ಗೊತ್ತುಪಡಿಸಿತು. ತಡವಾದರೆ ಅರ್ಜಿದಾರನಿಗೆ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿ ಪರಿಹಾರವೆಂದಿತು. ಮೊತ್ತ ಅಲ್ಪ, ತತ್ತ್ವ ದೊಡ್ಡದು. ‘ಬೈ’ ಪದದ ಎರಡು ಅರ್ಥಗಳು ಇಲ್ಲಿ ಒಂದೆಡೆ ಕೂಡಿವೆ: ಯಾರಿಂದ, ಎಷ್ಟರೊಳಗೆ.

ಅಬ್ರಹಾಂ ಲಿಂಕನ್ 1863ರ ನವೆಂಬರ್ 19ರ ಗೆಟ್ಟಿಸ್‌ಬರ್ಗ್ ಭಾಷಣದಲ್ಲಿ ಸರ್ಕಾರಕ್ಕೂ ಜನರಿಗೂ ಇರುವ ಸಂಬಂಧವನ್ನು ‘ಆಫ್’, ‘ಬೈ’, ‘ಫಾರ್’ ಎಂಬ ಮೂರು ಪುಟ್ಟ ಪದಗಳಲ್ಲಿ ಹಿಡಿದರು. ಪ್ರಜೆಗಳಿಗಾಗಿ ಒಳ್ಳೆಯ ಅರಸನೂ ಆಳಬಲ್ಲ. ಪ್ರಜೆಗಳಿಂದ ನಡೆಯುವುದು ಪ್ರಜಾಪ್ರಭುತ್ವ ಮಾತ್ರ. ಪ್ರಜೆಗಳಿಂದ ಅಧಿಕಾರ ಪಡೆದವರು ತಾವು ಮಾಡಿದ್ದು, ಮಾಡದೆ ಬಿಟ್ಟದ್ದು ಯಾರಿಂದ ಎಂಬುದನ್ನು ಹೇಳದಿದ್ದರೆ ಆ ಮಧ್ಯದ ಪದಕ್ಕೆ ಅರ್ಥ ಉಳಿಯುವುದಿಲ್ಲ.

ಇದಕ್ಕೆ ದೊಡ್ಡ ಸುಧಾರಣೆಯೇನೂ ಬೇಕಿಲ್ಲ. ನಾಗರಿಕರಿಗೆ ಬರೆಯುವ ಪ್ರತಿ ಪತ್ರದಲ್ಲೂ ‘ಲಾಗುವುದು’ ಎಂಬುದರ ಬದಲು ‘ಉತ್ತೇನೆ’ ಅಥವಾ ‘ಉತ್ತಾರೆ’ ಎಂದು ಬರೆದು, ಜೊತೆಗೆ ಒಂದು ಪದನಾಮ ಮತ್ತು ಒಂದು ದಿನಾಂಕವನ್ನು ನಮೂದಿಸಿದರೆ ಸಾಕು. ಅಲ್ಲಿಯವರೆಗೆ, ಅಂಥ ಪತ್ರ ಕೈಗೆ ಬಂದಾಗಲೆಲ್ಲ ‘ಯಾರಿಂದ? ಎಂದಿನೊಳಗೆ?’ ಎಂದು ಮರಳಿ ಬರೆದು ಕೇಳುವ ಹಕ್ಕು ನಮಗಿದೆ.