ಅಪ್ಪನವು ನಾಲ್ಕು, ಮಗನವು ಐದು!

ಬೇಲೂರು ಗುಡಿಯ ಮದನಿಕೆಯರೆಂಬ ಶಿಲಾಬಾಲಿಕೆಯರ ಮುಖ ನೋಡಿ ಮೈಮರೆಯದವರು ಯಾರು? ಆದರೆ ಒಮ್ಮೆ ದೃಷ್ಟಿಯನ್ನು ಕೆಳಗಿಳಿಸಿ, ಪೀಠದ ಅಂಚನ್ನು ನೋಡಿ. ಅಲ್ಲಿ ಅಕ್ಷರಗಳಿವೆ! ಹಳಗನ್ನಡದ ಅಕ್ಷರಗಳು! ಕೆತ್ತಿದವನ ಹೆಸರು, ಕೆಲವೆಡೆ ಊರು, ಕೆಲವೆಡೆ ತಂದೆಯ ಹೆಸರು, ಜೊತೆಗೆ ಎದೆಯುಬ್ಬಿಸಿ ಹಾಕಿಕೊಂಡ ಬಿರುದು. ಹೊಯ್ಸಳ ದೊರೆ ವಿಷ್ಣುವರ್ಧನ 1117ರಲ್ಲಿ ಚೆನ್ನಕೇಶವನನ್ನು ಪ್ರತಿಷ್ಠೆ ಮಾಡಿಸಿದ ಗುಡಿಯ ಮೇಲೆ ಕುಶಲಕರ್ಮಿಗಳು ಸಹಿ ಹಾಕಿದ್ದಾರೆ!

ಆ ಸಹಿಗಳಲ್ಲಿ ಒಂದು ಮನೆತನದ ಕಥೆಯೇ ಅಡಗಿದೆ. ಬಳ್ಳಿಗಾವಿಯ ದಾಸೋಜ. ಅವನ ಮಗ ಚಾವಣ. ಅಪ್ಪನ ಕೈಯಲ್ಲಿ ನಾಲ್ಕು ಮದನಿಕೆಯರು ಮೂಡಿದರೆ ಮಗನ ಕೈಯಲ್ಲಿ ಐವರು! ಒಂದೇ ಗುಡಿಯಲ್ಲಿ, ಒಂದೇ ಮನೆಯ ಎರಡು ತಲೆಮಾರಿನ ಉಳಿ. ಅಪ್ಪ ಕಲಿಸಿದ್ದನ್ನು ಮಗ ಅಪ್ಪನ ಕಣ್ಣೆದುರೇ ಕಲ್ಲಿಗಿಳಿಸಿದ ದಾಖಲೆ ಇದಕ್ಕಿಂತ ಸ್ಪಷ್ಟವಾಗಿ ಬೇರೆಲ್ಲಿ ಸಿಕ್ಕೀತು?

ಈಗ ಆ ಊರಿಗೆ ಹೋಗೋಣ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿ ಇಂದು ಸಣ್ಣ ಹಳ್ಳಿ. ಅಂದು ಕಲ್ಯಾಣ ಚಾಲುಕ್ಯರ ಕಾಲದ ದೊಡ್ಡ ಪಟ್ಟಣ. ಅಲ್ಲಿನ ಗಂಡಭೇರುಂಡ ಸ್ತಂಭ ಎದ್ದದ್ದು 1047ರಲ್ಲಿ, ಬೇಲೂರಿನ ಪ್ರತಿಷ್ಠೆಗೆ 70 ವರ್ಷ ಮೊದಲು. ಕೇದಾರೇಶ್ವರ ಗುಡಿ ಈಗಲೂ ನಿಂತಿದೆ. ಚಾಲುಕ್ಯರ ನೆಲದಲ್ಲಿ ಪಳಗಿದ ಕೈಗಳೇ ಹೊಯ್ಸಳರ ಕೆಲಸಕ್ಕೂ ಬಂದವು ಎಂಬುದಕ್ಕೆ ದಾಸೋಜನ ಊರಿನ ಹೆಸರೇ ಸಾಕ್ಷಿ. ಅರಸರು ಬೇರೆ, ಕಸುಬು ಒಂದೇ!

ಹೊಯ್ಸಳರ ಗುಡಿಗಳಲ್ಲಿ ಅವರ ಕೈಗೆ ಒದಗಿದ್ದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗೆ. ಉಳಿ ಹೇಳಿದಂತೆ ಕೇಳುತ್ತದೆ. ಗಾಳಿಗೆ ಒಡ್ಡಿಕೊಂಡಂತೆಲ್ಲ ಗಟ್ಟಿಯಾಗುತ್ತದೆ. ಬಳೆ, ಗೆಜ್ಜೆ, ಜಡೆಯ ಎಳೆಗಳೆಲ್ಲ ಇಷ್ಟು ಶತಮಾನ ಉಳಿದ ಗುಟ್ಟು ಇದು.

ಇನ್ನೊಬ್ಬ ಹೊಯ್ಸಳ ಶಿಲ್ಪಿ ಮಲ್ಲಿತಮ್ಮನ ಬೆನ್ನು ಹತ್ತಿದರಂತೂ ತಲೆ ತಿರುಗುತ್ತದೆ! 1196ರ ಅಮೃತಾಪುರದಲ್ಲಿ ಅವನ ಹೆಸರು. 1246ರ ನುಗ್ಗೇಹಳ್ಳಿಯಲ್ಲಿ, ನಂದಿಯ ಬೈಚೋಜನ ಜೊತೆಗೆ, ಅವನ ಹೆಸರು. ಸೋಮನಾಥಪುರದಲ್ಲಿ ಮತ್ತೆ ಮತ್ತೆ ಅದೇ ಹೆಸರು! ಅರವತ್ತು ವರ್ಷಗಳ ದುಡಿಮೆ, ಊರೂರು ಅಲೆದ ಉಳಿ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿ ಸೇರಿದಾಗ ಲೋಕದ ಗಮನ ಬಿದ್ದದ್ದು ಇಂಥವರ ಬೆವರಿನ ಮೇಲೆ.

ಮನೆಮನೆಯಲ್ಲೂ ಹೇಳುವ ಜಕಣಾಚಾರಿ-ಡಂಕಣರ ಕಥೆಯೂ ಅಪ್ಪ-ಮಗನದೇ ಅಲ್ಲವೇ! ಕೈದಾಳದ ಶಿಲ್ಪಿ, ಕಲ್ಲಿನೊಳಗಿನ ಕಪ್ಪೆಯನ್ನು ಕಂಡುಹಿಡಿದ ಮಗ, ಅದು ಐತಿಹ್ಯ. ದಾಸೋಜ-ಚಾವಣರದು ಶಾಸನ. ಜನ ನೆನಪಿಟ್ಟದ್ದೂ ಕಲ್ಲು ನೆನಪಿಟ್ಟದ್ದೂ ಒಂದೇ ಸಂಬಂಧವನ್ನು: ಒಂದೇ ಕಸುಬಿನ ಉಳಿ ಹಿಡಿದ ಅಪ್ಪ-ಮಗನನ್ನು.

ಅಪ್ಪನಿಂದ ಮಗನಿಗೆ ವಿದ್ಯೆ ದಾಟುವ ದಾರಿ ಇಂದಿಗೂ ಮುಚ್ಚಿಲ್ಲ. 2024ರ ಜನವರಿ 22ರಂದು ಅಯೋಧ್ಯೆಯಲ್ಲಿ ಪ್ರತಿಷ್ಠೆಯಾದ ಬಾಲರಾಮನನ್ನು ಕೆತ್ತಿದವರು ಮೈಸೂರಿನ ಅರುಣ್ ಯೋಗಿರಾಜ್. ತಂದೆ ಯೋಗಿರಾಜ, ಅಜ್ಜ ಬಸವಣ್ಣ ಶಿಲ್ಪಿ. ಐದು ತಲೆಮಾರಿನ ಶಿಲ್ಪಿಗಳ ಮನೆ. ಅರುಣ್ ಎಂಬಿಎ ಓದಿ, ಕಂಪನಿಯ ಕೆಲಸಕ್ಕೂ ಸೇರಿ, ಮತ್ತೆ ಕಲ್ಲಿನ ಬಳಿಗೇ ಬಂದವರು!

ಡೊಂಬಿವಲಿ, ಕಲ್ಯಾಣ, ಠಾಣೆ, ನವಿ ಮುಂಬಯಿಯ ಕನ್ನಡಿಗರೇ, ಈ ಬೆರಗಿನ ರುಚಿ ನೋಡಲು ಬೇಲೂರಿಗೆ ಹೋಗುವವರೆಗೆ ಕಾಯಬೇಕಿಲ್ಲ. ಕಲ್ಯಾಣದಿಂದ ಲೋಕಲ್ ಹತ್ತಿ ಅಂಬರನಾಥದಲ್ಲಿ ಇಳಿಯಿರಿ. ವಾಲಧುನಿ ನದಿಯ ದಂಡೆಯಲ್ಲಿ ಶಿಲಾಹಾರರ ಶಿವಾಲಯವಿದೆ. ಅದರ ಶಾಸನ ಶಕವರ್ಷ 982ರದು, ಅಂದರೆ ಸುಮಾರು 1060, ಬೇಲೂರಿಗಿಂತಲೂ ಹಳೆಯದು! ಆ ಕಪ್ಪು ಕಲ್ಲನ್ನು ತಿದ್ದಿದ ಪ್ರತಿ ಕೈಗೂ ಕಲಿಸಿದ ಒಬ್ಬ ಹಿರಿಯ ಇದ್ದೇ ಇದ್ದ.

ಹಾಗೆಯೇ ನಿಮ್ಮ ಮನೆಗೂ ಒಬ್ಬ ಹಿರಿಯ ಇದ್ದಾನೆ. ಬಡಗಿಯೋ, ಕಮ್ಮಾರನೋ, ನೇಕಾರನೋ, ಅಕ್ಕಸಾಲಿಗನೋ, ಕುಂಬಾರನೋ. ಅವನ ಕಸುಬು ನೌಕರಿಯಾಗಿ ಬದಲಾದದ್ದು ಯಾವ ತಲೆಮಾರಿನಲ್ಲಿ? ಊರಿಗೆ ಫೋನ್ ಮಾಡಿ, ಅಜ್ಜಿಯನ್ನು ಕೇಳಿ, ಅಟ್ಟದ ಮೇಲಿನ ಉಪಕರಣಗಳ ಹೆಸರು ಕೇಳಿ, ಕೇಳಿದ್ದನ್ನೆಲ್ಲ ಇವತ್ತೇ ಬರೆದಿಡಿ. ಹೇಳಬಲ್ಲವರು ಇನ್ನೂ ನಮ್ಮ ನಡುವೆ ಇದ್ದಾರೆ!