ಒಬ್ಬ ಪ್ರಜೆ, ಹನ್ನೆರಡು ದೇಶಗಳ ಒಪ್ಪಂದ

ದೇಶವೊಂದು ತನ್ನ ಅಧಿಕಾರದ ಪಾಲನ್ನು ಹೊರಗಿನ ಒಕ್ಕೂಟಕ್ಕೆ ಒಪ್ಪಿಸುವಾಗ ಸಂಸತ್ತಿನ ಸಮ್ಮತಿ ಸಾಕೇ, ಜನರನ್ನೇ ಕೇಳಬೇಕೇ? ಐರ್ಲೆಂಡಿನಲ್ಲಿ ಈ ಪ್ರಶ್ನೆಯನ್ನು ನ್ಯಾಯಾಲಯಕ್ಕೆ ಒಯ್ದವರು ರೇಮಂಡ್ ಕ್ರಾಟಿ. ಬೇಸಾಯಗಾರರಾಗಿದ್ದು ಆಮೇಲೆ ಅರ್ಥಶಾಸ್ತ್ರಜ್ಞರಾದವರು.

ಐರ್ಲೆಂಡ್ 1973ರಲ್ಲಿ ಯೂರೋಪಿಯನ್ ಸಮುದಾಯವನ್ನು ಸೇರಿದ್ದು 1972ರ ಜನಮತಗಣನೆಯಲ್ಲಿ ಸಂವಿಧಾನ ತಿದ್ದಿಕೊಂಡು. 1986ರಲ್ಲಿ ಹನ್ನೆರಡು ಸದಸ್ಯ ರಾಷ್ಟ್ರಗಳು ಸಿಂಗಲ್ ಯೂರೋಪಿಯನ್ ಆಕ್ಟ್ ಎಂಬ ಹೊಸ ಒಪ್ಪಂದಕ್ಕೆ ಸಹಿ ಹಾಕಿದವು. ಐರಿಷ್ ಸಂಸತ್ತೂ ಒಪ್ಪಿತು. ಇನ್ನೇನು ಅನುಮೋದನೆ ಪತ್ರ ಸಲ್ಲಿಸಬೇಕು, ಕ್ರಿಸ್‌ಮಸ್‌ನ ಹಿಂದಿನ ದಿನ ಕ್ರಾಟಿಯವರ ಅರ್ಜಿಯ ಮೇಲೆ ತಡೆಯಾಜ್ಞೆ ಬಂತು.

1987ರ ಏಪ್ರಿಲ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಮಾರುಕಟ್ಟೆಯ ಭಾಗಕ್ಕೆ 1972ರ ತಿದ್ದುಪಡಿಯೇ ಸಾಕು. ತೊಡಕಿದ್ದದ್ದು ವಿದೇಶಾಂಗ ನೀತಿಯ ಭಾಗದಲ್ಲಿ. ಐವರಲ್ಲಿ ಮೂವರು ನ್ಯಾಯಮೂರ್ತಿಗಳ ವಾದ ಹೀಗೆ: ವಿದೇಶಾಂಗ ನೀತಿಯ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟದ್ದು ಸಂವಿಧಾನ. ಸರ್ಕಾರ ಅದನ್ನು ಚಲಾಯಿಸಬಹುದೇ ಹೊರತು, ಸ್ವತಂತ್ರವಾಗಿ ನಿರ್ಧರಿಸುವ ಹಕ್ಕನ್ನೇ ಕಟ್ಟಿಹಾಕಿಕೊಳ್ಳುವಂತಿಲ್ಲ. ಹಾಗೆ ಮಾಡಲು ಸಂವಿಧಾನವನ್ನೇ ತಿದ್ದಬೇಕು. ನಮ್ಮಲ್ಲಿ ತಿದ್ದುಪಡಿ ಸಂಸತ್ತಿನ ಕೆಲಸ, ಕೆಲವಕ್ಕೆ ರಾಜ್ಯಗಳ ಸಮ್ಮತಿಯೂ ಬೇಕು; ಅಲ್ಲಾದರೋ ಪ್ರತಿ ತಿದ್ದುಪಡಿಯೂ ಜನಮತಕ್ಕೆ ಹೋಗಬೇಕು. ಮೇ ತಿಂಗಳಲ್ಲಿ ಮತದಾನವಾಗಿ ಸುಮಾರು ಶೇ. 70 ಮಂದಿ ಒಪ್ಪಿದರು. ಮೊಕದ್ದಮೆ ಗೆದ್ದ ಕ್ರಾಟಿ ಮತದಾನದಲ್ಲಿ ಸೋತರು.

ಮುಂದೆ ಜನ ಬೇಡವೆಂದದ್ದೂ ಉಂಟು: 2001ರಲ್ಲಿ ನೀಸ್ ಒಪ್ಪಂದ, 2008ರಲ್ಲಿ ಲಿಸ್ಬನ್ ಒಪ್ಪಂದ. ಎರಡನ್ನೂ ಮರುವರ್ಷ ಮತ್ತೆ ಮತಕ್ಕಿಟ್ಟಾಗ ಒಪ್ಪಿಗೆ ಸಿಕ್ಕಿತು. ‘ಹೌದು’ ಎನ್ನುವ ತನಕ ಕೇಳುತ್ತಾರೆಂದು ವಿರೋಧಿಗಳು ಮೂದಲಿಸಿದರು. ದೇಶದ ತಟಸ್ಥ ನೀತಿಗೆ ಧಕ್ಕೆಯಿಲ್ಲವೆಂಬ ಭರವಸೆ ಪಡೆದೇ ಮತ್ತೆ ಕೇಳಿದೆವೆಂಬುದು ಸರ್ಕಾರದ ಸಮರ್ಥನೆ. ಅದರಲ್ಲಿ ಹುರುಳಿಲ್ಲದಿಲ್ಲ. ಆದರೆ ಯೂರೋಪಿನ ಒಪ್ಪಂದಕ್ಕೆ ಜನ ‘ಹೌದು’ ಎಂದ ಮೇಲೆ ಅಲ್ಲಿ ಮರುಮತದಾನ ನಡೆದದ್ದಿಲ್ಲ.